ಏರಿಳಿಯುವ ತಾಪಮಾನದ ಮುಳ್ಳು ಮತ್ತು ಒಂದು ಪುಟ್ಟ ಓಬಿಡಿ ರೀಡರ್: ಎಂಟು ತಿಂಗಳ ಬಳಕೆಯ ನಂತರ

ಎಂಜಿನ್ ತಾಪಮಾನದ ಮುಳ್ಳು ಮಧ್ಯದಿಂದ ಮೇಲಕ್ಕೇರಿ, ಇನ್ನೇನು ಕೆಂಪು ಗೆರೆ ಮುಟ್ಟಿತು ಎನ್ನುವಷ್ಟರಲ್ಲಿ ತಾನಾಗಿಯೇ ಕೆಳಗಿಳಿದು, ಹತ್ತು ನಿಮಿಷ ಕಳೆದ ಮೇಲೆ ಮತ್ತೆ ಏರತೊಡಗಿದರೆ, ಓಡಿಸುವವರ ಕಣ್ಣು ರಸ್ತೆಗಿಂತ ಹೆಚ್ಚಾಗಿ ಡ್ಯಾಶ್‌ಬೋರ್ಡಿನ ಮೇಲೆಯೇ ಇರುತ್ತದೆ. ನನ್ನ ಒಂಬತ್ತು ವರ್ಷ ಹಳೆಯ ಪೆಟ್ರೋಲ್ ಕಾರಿನಲ್ಲಿ ಈ ಕಾಟ ಶುರುವಾದಾಗ ಗ್ಯಾರೇಜಿನಲ್ಲಿ ಮೊದಲು ಕೂಲಂಟ್ ಸೆನ್ಸರ್, ಅಂದರೆ ಎಂಜಿನ್ ತಂಪಾಗಿಸುವ ನೀರಿನ ಬಿಸಿ ಅಳೆಯುವ ಭಾಗವನ್ನು ಬದಲಾಯಿಸಿದರು. ಮುಳ್ಳು ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಹಳೆಯ ಆಟವನ್ನೇ ಆಡಿತು. ಮತ್ತೆ ಕಾರು ಒಯ್ದಾಗ "ರೇಡಿಯೇಟರ್ ಬದಲಾಯಿಸಿ ನೋಡೋಣ ಸಾರ್" ಎಂದರು. ಆ "ನೋಡೋಣ" ನನಗೆ ಹಿಡಿಸಲಿಲ್ಲ. ನೋಡುವುದೇ ಆದರೆ ಬಿಡಿಭಾಗ ಕೊಳ್ಳುವ ಮೊದಲೇ ನೋಡಬಾರದೇಕೆ ಎನ್ನಿಸಿ, ಕಾರನ್ನು ಮನೆಗೆ ತಂದು, ಫೋನಿನ ಜೊತೆ ಬ್ಲೂಟೂತ್‌ನಲ್ಲಿ ಮಾತನಾಡುವ ಒಂದು ಓಬಿಡಿ ರೀಡರ್, ಅಂದರೆ ಕಾರಿನ ಎಂಜಿನ್ ಕಂಪ್ಯೂಟರಿನ ಮಾಹಿತಿ ಓದುವ ಉಪಕರಣ, ತರಿಸಿಕೊಂಡೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ, ಹೆಸರಿಲ್ಲದ ಕಪ್ಪು ಪ್ಲಾಸ್ಟಿಕ್ ಡಬ್ಬಿ ಅದು. ಈ ವಿಮರ್ಶೆ ಅದರದ್ದು. ಆದರೆ ಅದನ್ನು ಯಾವ ಕಾಯಿಲೆಗಾಗಿ ಕೊಂಡೆನೋ ಆ ಕಾಯಿಲೆಯನ್ನು ಬಿಟ್ಟು ಅದರ ಗುಣದೋಷ ಹೇಳುವುದು ಸಾಧ್ಯವಿಲ್ಲ.

ಮೊದಲು, ಡ್ಯಾಶ್‌ಬೋರ್ಡಿನ ಮುಳ್ಳಿದ್ದರೂ ಇನ್ನೊಂದು ಉಪಕರಣ ಏಕೆ ಬೇಕು ಎಂಬ ಪ್ರಶ್ನೆ. ಈಚಿನ ಬಹುಪಾಲು ಕಾರುಗಳಲ್ಲಿ ಆ ಮುಳ್ಳು ನಿಜವಾದ ತಾಪಮಾಪಕವಲ್ಲ. ನೀರು ಸುಮಾರು 75 ಡಿಗ್ರಿ ಸೆಲ್ಸಿಯಸ್ ಇದ್ದರೂ 100ರ ಹತ್ತಿರ ಇದ್ದರೂ ಮುಳ್ಳು ಮಧ್ಯದಲ್ಲಿಯೇ ನಿಲ್ಲುವಂತೆ ತಯಾರಕರೇ ಅದನ್ನು ಹೊಂದಿಸಿರುತ್ತಾರೆ. ಏರುದಾರಿಯಲ್ಲಿ ನಾಲ್ಕು ಡಿಗ್ರಿ ಹೆಚ್ಚಾದುದಕ್ಕೆಲ್ಲ ಮಾಲೀಕರು ಗಾಬರಿಯಾಗಿ ಗ್ಯಾರೇಜಿಗೆ ಓಡಬಾರದು ಎಂಬುದು ಇದರ ಉದ್ದೇಶ. ಇದರ ಇನ್ನೊಂದು ಮುಖವೆಂದರೆ, ಇಂಥ ಕಾರಿನಲ್ಲಿ ಮುಳ್ಳು ಅಲುಗಿತು ಎಂದರೆ ಒಳಗಿನ ತಾಪಮಾನ ಆಗಲೇ ಸಾಕಷ್ಟು ದೂರ ಹೋಗಿ ಬಂದಿದೆ ಎಂದು ಅರ್ಥ. ಹಳೆಯ ಕಾರುಗಳಲ್ಲಿ ಮುಳ್ಳು ನೀರಿನ ಬಿಸಿಯನ್ನು ಹೆಚ್ಚು ಪ್ರಾಮಾಣಿಕವಾಗಿ ಹಿಂಬಾಲಿಸುತ್ತದೆ, ಆದ್ದರಿಂದ ಅಲ್ಲಿ ಸಣ್ಣ ಓಲಾಟ ಸಹಜ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಓಬಿಡಿ ರೀಡರ್ ಎಂಜಿನ್ ಕಂಪ್ಯೂಟರ್ ನೋಡುತ್ತಿರುವ ಅಂಕಿಯನ್ನೇ ತೋರಿಸುತ್ತದೆ. ಕೂಲಂಟ್ ತಾಪಮಾನ ಒಂದೇ ಬೈಟ್‌ನಲ್ಲಿ ಬರುತ್ತದೆ. ಅದರಿಂದ 40 ಕಳೆದರೆ ಡಿಗ್ರಿ ಸಿಗುತ್ತದೆ. ಹಾಗಾಗಿ ಮೈನಸ್ 40ರಿಂದ 215ರವರೆಗೆ ಒಂದೊಂದೇ ಡಿಗ್ರಿಯ ಮೆಟ್ಟಿಲಿನಲ್ಲಿ ಓದಬಹುದು, ನಡುವೆ ಯಾರ ಸಮಾಧಾನದ ಮಾತೂ ಇಲ್ಲ. ಅಮೆರಿಕದಲ್ಲಿ ಮಾರಾಟವಾಗುವ ಕಾರುಗಳಿಗೆ 1996ರ ಮಾದರಿಯಿಂದ, ಯುರೋಪಿನ ಪೆಟ್ರೋಲ್ ಕಾರುಗಳಿಗೆ 2001ರಿಂದ ಈ ವ್ಯವಸ್ಥೆ ಕಡ್ಡಾಯವಾಯಿತು. ಸ್ಟಿಯರಿಂಗ್ ಕೆಳಗೆ ಎಲ್ಲೋ 16 ಪಿನ್ನುಗಳ, ಒಂದು ಬದಿ ಕಿರಿದಾದ ಸಾಕೆಟ್ ಇದ್ದರೆ ನಿಮ್ಮ ಕಾರಿನಲ್ಲಿಯೂ ಇದು ನಡೆಯುವ ಸಾಧ್ಯತೆ ಹೆಚ್ಚು. ಜೋಡಣೆಯ ವಿಷಯದಲ್ಲಿ ಒಂದೇ ಎಚ್ಚರಿಕೆ: ಹಳೆಯ ಬಗೆಯ ಬ್ಲೂಟೂತ್ ಇರುವ ರೀಡರ್ ಆಂಡ್ರಾಯ್ಡ್ ಫೋನಿನೊಂದಿಗೆ ಮಾತ್ರ ಕೆಲಸ ಮಾಡುತ್ತದೆ. ಐಫೋನ್ ಇರುವವರು ವೈಫೈ ಅಥವಾ ಬ್ಲೂಟೂತ್ ಲೋ ಎನರ್ಜಿ ಇರುವುದನ್ನೇ ಕೇಳಿ ಕೊಳ್ಳಬೇಕು. ನನ್ನದು ಆಂಡ್ರಾಯ್ಡ್, 1234 ಎಂಬ ಗುಪ್ತಸಂಖ್ಯೆ ಒತ್ತಿದ ತಕ್ಷಣ ಜೋಡಿಯಾಯಿತು.

ಮೊದಲ ದಿನದ ಗ್ರಾಫನ್ನು ನಾನು ಇನ್ನೂ ಫೋನಿನಲ್ಲಿ ಉಳಿಸಿಕೊಂಡಿದ್ದೇನೆ. ತಣ್ಣಗಿದ್ದ ಎಂಜಿನ್ ಶುರುಮಾಡಿದಾಗ 27 ಡಿಗ್ರಿ. ಅಲ್ಲಿಂದ ನೇರ ಏರಿಕೆ: 60, 75, 88. ಆರೋಗ್ಯವಾಗಿರುವ ಎಂಜಿನ್ನಿನಲ್ಲಿ ಗೆರೆ ಇಲ್ಲಿಯೇ ಬಾಗಿ ಸಮತಟ್ಟಾಗಬೇಕಿತ್ತು, ಏಕೆಂದರೆ ನನ್ನ ಕಾರಿನ ಥರ್ಮೋಸ್ಟಾಟ್ (ಬಿಸಿನೀರನ್ನು ರೇಡಿಯೇಟರಿಗೆ ಬಿಡುವ ಕವಾಟ) 82 ಡಿಗ್ರಿಗೆ ಬಾಯಿ ಬಿಡಲಾರಂಭಿಸುವಂಥದ್ದು. ಗೆರೆ ಬಾಗಲಿಲ್ಲ. 95, 99, 103. ಫ್ಯಾನ್ ಭೋರೆಂದು ತಿರುಗತೊಡಗಿತು, ಆದರೂ ಅಂಕಿ ಏರುತ್ತಲೇ ಹೋಯಿತು. 107 ಮುಟ್ಟಿದ ಮೇಲೆ, ನಾನು ಎಂಜಿನ್ ಆರಿಸಲು ಕೀಲಿಗೆ ಕೈ ಹಾಕುವಷ್ಟರಲ್ಲಿ, ಗೆರೆ ಒಮ್ಮೆಲೇ ಇಳಿಮುಖವಾಗಿ ಸುಮಾರು ಮುಕ್ಕಾಲು ನಿಮಿಷದಲ್ಲಿ 81ಕ್ಕೆ ಬಂದು ನಿಂತಿತು. ಬಳಿಕ ಮತ್ತದೇ ನಿಧಾನ ಏರಿಕೆ, ಮತ್ತದೇ ಕಡಿದಾದ ಇಳಿತ. ಗರಗಸದ ಹಲ್ಲುಗಳನ್ನು ಸಾಲಾಗಿ ಜೋಡಿಸಿಟ್ಟಂತಿತ್ತು ಆ ಚಿತ್ರ. ಇಷ್ಟು ದಿನ ಮುಳ್ಳನ್ನು ದಿಟ್ಟಿಸುತ್ತಿದ್ದ ನನಗೆ ಈ ಆಕಾರ ಕಂಡಿರಲೇ ಇಲ್ಲ. ಮುಳ್ಳಿಗೆ ನೆನಪಿಲ್ಲ, ಗ್ರಾಫಿಗೆ ಇದೆ.

ಈ ಉಪಕರಣ ಕೊಟ್ಟ ಅತಿ ಬೆಲೆಯುಳ್ಳ ಮಾಹಿತಿ ತಾಪಮಾನದ ಅಂಕಿಯಲ್ಲ, ಅದು ಬದಲಾಗುವ ವೇಗ. ಹಲವು ಲೀಟರ್ ನೀರು, ಅದರ ಸುತ್ತಲಿನ ಕಬ್ಬಿಣ ಮತ್ತು ಅಲ್ಯೂಮಿನಿಯಂ, ಇಷ್ಟೂ ಸೇರಿ ಒಂದು ಸೆಕೆಂಡಿನಲ್ಲಿ 30 ಡಿಗ್ರಿ ಏರುವುದಾಗಲಿ ಇಳಿಯುವುದಾಗಲಿ ಸಾಧ್ಯವಿಲ್ಲ. ಅಂಕಿ 90ರಿಂದ ಮೈನಸ್ 40ಕ್ಕೆ ಜಿಗಿದು ಮರುಕ್ಷಣ 90ಕ್ಕೆ ಬಂದರೆ ನೀರಿನ ತಪ್ಪಿಲ್ಲ, ಸೆನ್ಸರಿನ ತಂತಿ ಅಥವಾ ಕನೆಕ್ಟರ್ ಬಿಟ್ಟುಹೋಗಿ ಸೇರುತ್ತಿದೆ. ಆಗ ಪಿ0118 ಅಥವಾ ಪಿ0119 ಎಂಬ ದೋಷಸಂಕೇತವೂ ಸಾಮಾನ್ಯವಾಗಿ ದಾಖಲಾಗುತ್ತದೆ. ನಿಮಿಷಗಳ ಲೆಕ್ಕದಲ್ಲಿ ಏರಿ, ಅರ್ಧ ಮುಕ್ಕಾಲು ನಿಮಿಷದಲ್ಲಿ ಇಳಿದರೆ ಅದು ನಿಜವಾದ ಬಿಸಿ. ಎಲ್ಲೋ ಹರಿವು ತಡೆದು ಬಿಡುಗಡೆಯಾಗುತ್ತಿದೆ. ಮೂರನೆಯ ಸಾಧ್ಯತೆಯೂ ಉಂಟು: ರೀಡರಿನಲ್ಲಿ ಅಂಕಿ ನಿಶ್ಚಲವಾಗಿದ್ದು ಡ್ಯಾಶ್‌ಬೋರ್ಡಿನ ಮುಳ್ಳು ಮಾತ್ರ ಕುಣಿಯುವುದು. ನಮ್ಮ ಭಾವನವರ ಹಳೆಯ ಕಾರಿನಲ್ಲಿ ಹೀಗೆಯೇ ಆಗುತ್ತಿತ್ತು. ಹೆಡ್‌ಲೈಟ್ ಹಾಕಿದರೆ ಮುಳ್ಳು ಮೇಲೆ, ಆರಿಸಿದರೆ ಕೆಳಗೆ. ಇದೇ ರೀಡರ್ ಸಿಕ್ಕಿಸಿದಾಗ ಎರಡೂ ಸ್ಥಿತಿಯಲ್ಲಿ 90 ಡಿಗ್ರಿ ಕದಲಲಿಲ್ಲ. ಮೀಟರ್ ಜೋಡಣೆಯ ಅರ್ಥಿಂಗ್ ತಂತಿಯ ಕೊನೆಯಲ್ಲಿದ್ದ ತುಕ್ಕನ್ನು ಮರಳು ಕಾಗದದಿಂದ ಉಜ್ಜಿ ಬೋಲ್ಟ್ ಬಿಗಿದಲ್ಲಿಗೆ ಕಥೆ ಮುಗಿಯಿತು. ಅವರು ಆ ಮೊದಲು ಎರಡು ಸಲ ಥರ್ಮೋಸ್ಟಾಟ್ ಬದಲಾಯಿಸಿದ್ದರು.

ಹಾಗೆಂದು ರೀಡರಿನ ಅಂಕಿಯನ್ನು ವೇದವಾಕ್ಯ ಎಂದುಕೊಂಡರೆ ಮೋಸ ಹೋಗುತ್ತೀರಿ. ಅದು ತೋರಿಸುವುದು ಸೆನ್ಸರಿನ ತುದಿ ಇರುವ ಒಂದೇ ಒಂದು ಜಾಗದ ಬಿಸಿಯನ್ನು. ಆ ತುದಿ ನೀರಿನಲ್ಲಿ ಮುಳುಗಿರುವವರೆಗೆ ಸರಿ. ಕೂಲಂಟ್ ಸೋರಿ ಮಟ್ಟ ಇಳಿದು ತುದಿ ಗಾಳಿಯಲ್ಲಿ ನಿಂತರೆ, ಎಂಜಿನ್ ಸುಡುತ್ತಿದ್ದರೂ ಅಂಕಿ ಕಡಿಮೆ ತೋರಿಸಬಹುದು, ಹಬೆಯ ಗುಳ್ಳೆ ಬಂದು ಬಡಿದಾಗ ಥಟ್ಟನೆ ಏರಬಹುದು. ಏರಿದ್ದ ತಾಪಮಾನ ಕಾರಣವಿಲ್ಲದೆ ಇಳಿದಾಗ ನೆಮ್ಮದಿಪಡುವುದಕ್ಕಿಂತ, ಗಾಡಿ ನಿಲ್ಲಿಸಿ ಎಂಜಿನ್ ಪೂರ್ತಿ ಆರಲು ಬಿಟ್ಟು ನೀರಿನ ಮಟ್ಟ ನೋಡುವುದು ಜಾಣತನ. ಒಳಗೆ ಕುಳಿತವರಿಗೆ ಸಿಗುವ ಇನ್ನೊಂದು ಸುಳಿವು ಹೀಟರ್: ಮುಳ್ಳು ಮೇಲಿದ್ದಾಗ ಹೀಟರಿನಿಂದ ತಣ್ಣನೆಯ ಗಾಳಿ ಬಂದರೆ ಅಲ್ಲಿಗೆ ಬಿಸಿನೀರು ತಲುಪುತ್ತಿಲ್ಲ, ಅಂದರೆ ನೀರು ಕಡಿಮೆಯಾಗಿದೆ ಅಥವಾ ಗಾಳಿ ಸಿಕ್ಕಿಕೊಂಡು ಹರಿವು ತಡೆದಿದೆ (ಏರ್ ಲಾಕ್). ಇದನ್ನು ಯಾವ ಆ್ಯಪ್ ಕೂಡ ಹೇಳುವುದಿಲ್ಲ.

ಈ ಕೊರತೆಯನ್ನು ತುಂಬಿಕೊಳ್ಳಲು ನಾನು ಬಳಸಿದ್ದು ಮನೆಯಲ್ಲಿಯೇ ಇದ್ದ ಇನ್‌ಫ್ರಾರೆಡ್ ಥರ್ಮಾಮೀಟರ್. ರೀಡರಿನಲ್ಲಿ 104 ಇದ್ದಾಗ ಅದನ್ನು ರೇಡಿಯೇಟರಿಗೆ ಹೋಗುವ ಮೇಲಿನ ಹೋಸ್ ಪೈಪಿನತ್ತ ಹಿಡಿದೆ: 46 ಡಿಗ್ರಿ. ಎಂಜಿನ್ನಿನೊಳಗೆ ನೀರು ಕುದಿಯುವಷ್ಟು ಕಾದಿದೆ, ಒಂದು ಗೇಣು ಆಚೆಯ ರಬ್ಬರ್ ಪೈಪು ಉಗುರುಬೆಚ್ಚಗಿದೆ. ನಡುವಿನ ಬಾಗಿಲು ತೆರೆದಿಲ್ಲ ಎನ್ನಲು ಇನ್ನೇನು ಬೇಕು? ಅಂಕಿ ಕುಸಿಯತೊಡಗಿದ ಕ್ಷಣದಲ್ಲಿ ಅದೇ ಪೈಪು ಗಳಿಗೆಯಲ್ಲಿ 90 ದಾಟಿತು. ಈ ಥರ್ಮಾಮೀಟರನ್ನು ಹೊಳೆಯುವ ಅಲ್ಯೂಮಿನಿಯಂ ಮೇಲೆ ಹಿಡಿದರೆ ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಕಪ್ಪು ರಬ್ಬರಿನ ಮೇಲೆ, ಇಲ್ಲವೇ ಲೋಹಕ್ಕೆ ಅಂಟಿಸಿದ ಕಪ್ಪು ಟೇಪಿನ ಮೇಲೆ ಹಿಡಿದರೆ ನಂಬಬಹುದು. ಫ್ಯಾನಿನ ಹತ್ತಿರ ಕೈ ಒಯ್ಯುವಾಗ ಅದು ಯಾವ ಮುನ್ಸೂಚನೆಯೂ ಇಲ್ಲದೆ ತಿರುಗಬಲ್ಲದು ಎಂಬುದು ನೆನಪಿರಲಿ.

ಗರಗಸದಂಥ ಈ ಗ್ರಾಫ್ ಥರ್ಮೋಸ್ಟಾಟ್ ಕಚ್ಚಿಕೊಂಡಾಗ ಮಾತ್ರವಲ್ಲ, ಅದರ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡಿದ್ದಾಗಲೂ ಬರುತ್ತದೆ. ಥರ್ಮೋಸ್ಟಾಟಿನ ಎದೆಯಲ್ಲಿರುವುದು ಮೇಣದ ಉಂಡೆ. ಬಿಸಿನೀರು ತಾಗಿ ಮೇಣ ಕರಗಿ ಹಿಗ್ಗಿದಾಗ ಅದು ಸ್ಪ್ರಿಂಗನ್ನು ಒತ್ತಿ ಕವಾಟ ತೆರೆಯುತ್ತದೆ. ಸುತ್ತ ನೀರಿನ ಬದಲು ಗಾಳಿ ಇದ್ದರೆ ಮೇಣಕ್ಕೆ ಬಿಸಿ ತಡವಾಗಿ ತಲುಪುತ್ತದೆ. ಆದ್ದರಿಂದ ಏನನ್ನೂ ಬಿಚ್ಚುವ ಮೊದಲು, ರಾತ್ರಿಯಿಡೀ ಆರಿದ ಎಂಜಿನ್ನಿಗೆ ಬೆಳಗ್ಗೆ ಕೂಲಂಟ್ ತುಂಬಿ, ಗಾಳಿ ತೆಗೆದು, ಮತ್ತೆ ಗ್ರಾಫ್ ನೋಡಿದೆ. ಹಲ್ಲುಗಳು ಹಾಗೆಯೇ ಇದ್ದವು. ಆಮೇಲೆ ಮಾತ್ರ ಥರ್ಮೋಸ್ಟಾಟ್ ಹೊರಬಂತು.

ಅಡುಗೆಗೆ ಬಳಸದ ಒಂದು ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟನ್ನು ತಳ ಮುಟ್ಟದಂತೆ ದಾರದಲ್ಲಿ ತೂಗಿಬಿಟ್ಟು ಕಾಯಿಸಿದೆ. ಅದರ ಅಂಚಿನಲ್ಲಿ 82 ಎಂದು ಅಚ್ಚಾಗಿತ್ತು. 82 ಕಳೆಯಿತು, 88 ಕಳೆಯಿತು, ಕವಾಟ ಮಿಸುಕಲಿಲ್ಲ. 95ರ ಹತ್ತಿರ "ಟಕ್" ಎಂಬ ಸಣ್ಣ ಸದ್ದಿನೊಂದಿಗೆ ಅರ್ಧದಷ್ಟು ಒಮ್ಮೆಲೇ ತೆರೆದುಕೊಂಡಿತು. ಚೆನ್ನಾಗಿರುವ ಥರ್ಮೋಸ್ಟಾಟ್ ಮೊಗ್ಗಿನಂತೆ ನಿಧಾನವಾಗಿ ಅರಳಬೇಕು, ಹೀಗೆ ಸಿಡಿಯಬಾರದು. ನಡುವಿನ ಕಡ್ಡಿಯ ಸುತ್ತ ಇಟ್ಟಿಗೆಯ ಬಣ್ಣದ ಗಟ್ಟಿ ಪದರ ಕಟ್ಟಿತ್ತು. ಕೂಲಂಟ್ ಕಡಿಮೆಯಾದಾಗಲೆಲ್ಲ ಒಂದೆರಡು ವರ್ಷ ನಾನು ನಲ್ಲಿಯ ನೀರನ್ನೇ ಸುರಿದಿದ್ದೆ. ಆ ಸೋಮಾರಿತನಕ್ಕೆ ಸಿಕ್ಕ ಫಲ ಅದು. ಅದೇ ಪಾತ್ರೆಯಲ್ಲಿ, ಗ್ಯಾರೇಜಿನಿಂದ ಕೇಳಿ ತಂದಿದ್ದ ಹಳೆಯ ಸೆನ್ಸರನ್ನೂ ಇಳಿಬಿಟ್ಟು ಮಲ್ಟಿಮೀಟರಿನಿಂದ ಅಳೆದೆ. 30 ಡಿಗ್ರಿಯಲ್ಲಿ ಸುಮಾರು 1,650 ಓಮ್, 80ರಲ್ಲಿ ಸುಮಾರು 320. ಬಿಸಿ ಏರಿದಂತೆ ರೋಧ ಇಳಿಯುವುದು ಇಂಥ ಸೆನ್ಸರಿನ ಗುಣ, ಮತ್ತು ಈ ಅಂಕಿಗಳಲ್ಲಿ ಎಳ್ಳಷ್ಟೂ ಕೊಂಕಿರಲಿಲ್ಲ. ನಿರಪರಾಧಿಯನ್ನು ಕೆಲಸದಿಂದ ತೆಗೆದುಹಾಕಿದ್ದೆವು. ಕೆಟ್ಟದ್ದೆಂದು ತೆಗೆದ ಭಾಗವನ್ನು ಕೇಳಿ ಪಡೆದುಕೊಳ್ಳುವ ಅಭ್ಯಾಸ ನನಗೆ ಅಲ್ಲಿಂದ ಅಂಟಿಕೊಂಡಿತು.

ಹೊಸದನ್ನು ಕೂರಿಸುವುದು ದೊಡ್ಡ ಕೆಲಸವಲ್ಲ. ಚಿಕ್ಕ ಪಿನ್ ಇರುವ ಗಾಳಿಕಂಡಿ ಗಡಿಯಾರದ ಹನ್ನೆರಡು ಗಂಟೆಯ ಜಾಗದಲ್ಲಿ, ಅಂದರೆ ಮೇಲ್ಗಡೆ ಬರಬೇಕು, ಸೋರದಂತೆ ತಡೆಯುವ ಗ್ಯಾಸ್ಕೆಟ್ ಹೊಸದಾಗಿರಬೇಕು. ಕಷ್ಟವಿರುವುದು ನಂತರದ ಗಾಳಿ ತೆಗೆಯುವ ಕೆಲಸದಲ್ಲಿ, ಮತ್ತು ರೀಡರ್ ತನ್ನ ಬೆಲೆಯನ್ನು ಎರಡನೆಯ ಬಾರಿ ತೀರಿಸಿದ್ದು ಇಲ್ಲಿಯೇ. ಕಾರಿನ ಮುಂಭಾಗವನ್ನು ತುಸು ಎತ್ತರಿಸಿ ನಿಲ್ಲಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಪಾಲಿನಲ್ಲಿ ಬೆರೆಸಿ, ರೇಡಿಯೇಟರಿನ ಬಾಯಿಗೆ ಬಿಗಿಯಾಗಿ ಕೂರುವ ಆಲಿಕೆಯ ಮೂಲಕ ತುಂಬಿದೆ. ಎಂಜಿನ್ ಬಿಸಿಯಾದಂತೆ ಆಲಿಕೆಯಲ್ಲಿ ಗುಳುಗುಳು ಗುಳ್ಳೆಗಳು. ಥರ್ಮೋಸ್ಟಾಟ್ ತೆರೆದ ಗಳಿಗೆ ಪರದೆಯಲ್ಲಿ ಸ್ಪಷ್ಟವಾಗಿ ಕಂಡಿತು: ಏರುತ್ತಿದ್ದ ಅಂಕಿ 86ರಲ್ಲಿ ತಡೆದು ನಿಂತಿತು, ಆಲಿಕೆಯ ಮಟ್ಟ ಎರಡು ಬೆರಳು ಇಳಿಯಿತು. 97ಕ್ಕೆ ಫ್ಯಾನ್ ಶುರು, 91ಕ್ಕೆ ಬಂದ್, ಮತ್ತೆ 97. ಫ್ಯಾನ್ ಹೀಗೆ ಎರಡು ಸುತ್ತು ಬರುವವರೆಗೆ ಕಾದು, ಗುಳ್ಳೆಗಳು ನಿಂತ ಮೇಲೆ ಆರಿಸಿದೆ. ಮಾರನೆಯ ಬೆಳಗ್ಗೆ ಮತ್ತೊಂದಿಷ್ಟು ತುಂಬಬೇಕಾಯಿತು. ನಿಂತ ಗಾಡಿಯಲ್ಲಿ 91ರಿಂದ 97ರ ನಡುವಿನ ಈ ಏರಿಳಿತ ಕಾಯಿಲೆಯಲ್ಲ, ಫ್ಯಾನಿನ ಸಹಜ ಉಸಿರಾಟ. ರೀಡರ್ ಹೊಸದಾಗಿ ಕೊಂಡವರು ಇದನ್ನು ನೋಡಿ ಬೆಚ್ಚುವುದುಂಟು.

ರೇಡಿಯೇಟರಿನ ಮುಚ್ಚಳವನ್ನೂ ಅದೇ ದಿನ ಬದಲಾಯಿಸಿದೆ. ಅದರ ರಬ್ಬರ್ ಬಳೆ ಬಿರುಕುಬಿಟ್ಟಿತ್ತು. ಸಮಪಾಲಿನ ಮಿಶ್ರಣ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ, ಒಂದು ಬಾರ್ ಆಸುಪಾಸಿನ ಒತ್ತಡ ಹಿಡಿಯುವ ಮುಚ್ಚಳವಿದ್ದರೆ 125 ದಾಟಿದರೂ ಕುದಿಯುವುದಿಲ್ಲ. ಮುಚ್ಚಳ ಸಡಿಲವಾದರೆ ನೀರು ಬೇಗ ಹಬೆಯಾಗಿ, ಹಬೆ ಮುಳ್ಳನ್ನು ಕುಣಿಸುತ್ತದೆ. ಇದನ್ನು ರೀಡರ್ ಹೇಳಲಾರದು, ಏಕೆಂದರೆ ಅದಕ್ಕೆ ಒತ್ತಡ ಕಾಣುವುದಿಲ್ಲ. ವಾಟರ್ ಪಂಪಿನ ರೆಕ್ಕೆ ಸವೆದಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ವೇಗದಲ್ಲಿ ಹೋಗುವಾಗ ಏರಿ ನಿಂತಾಗ ಇಳಿಯುತ್ತದೆಯೇ, ಅಥವಾ ನಿಂತಾಗ ಏರಿ ಓಡುವಾಗ ಇಳಿಯುತ್ತದೆಯೇ ಎಂದು ಗ್ರಾಫಿನ ಜೊತೆ ವೇಗವನ್ನೂ ಇಟ್ಟು ನಾವೇ ಊಹಿಸಬೇಕು. ಎರಡನೆಯದಾದರೆ ಫ್ಯಾನ್ ಅಥವಾ ಅದಕ್ಕೆ ಕರೆಂಟ್ ಕೊಡುವ ರಿಲೇ ಮೊದಲ ಶಂಕಿತ. ಮೊದಲನೆಯದಾದರೆ ಕಟ್ಟಿಕೊಂಡ ರೇಡಿಯೇಟರ್ ಅಥವಾ ಪಂಪ್. ಎಂಜಿನ್ನಿನ ತಲೆಭಾಗದ ಹೆಡ್ ಗ್ಯಾಸ್ಕೆಟ್ ಸೋರಿ ಹೊಗೆ ಕೂಲಂಟಿಗೆ ನುಗ್ಗುತ್ತಿದೆಯೇ ಎಂಬ ಸಂಶಯವಿದ್ದರೆ, ಎಷ್ಟು ಸಲ ಗಾಳಿ ತೆಗೆದರೂ ಗುಳ್ಳೆ ನಿಲ್ಲದಿದ್ದರೆ, ಇಂಗಾಲದ ಡೈಆಕ್ಸೈಡ್ ತಾಗಿದಾಗ ನೀಲಿಯಿಂದ ಹಳದಿಗೆ ತಿರುಗುವ ದ್ರಾವಣದ ಪರೀಕ್ಷೆಯನ್ನು ತಿಳಿದ ಮೆಕ್ಯಾನಿಕ್ ಕೈಯಲ್ಲಿಯೇ ಮಾಡಿಸಬೇಕು.

ಇನ್ನು ದೂರುಗಳು. ಹಲವು ಮಾಹಿತಿಗಳನ್ನು ಒಟ್ಟಿಗೆ ತೋರಿಸಲು ಕೇಳಿದರೆ ಈ ರೀಡರ್ ಉಸಿರುಗಟ್ಟುತ್ತದೆ. ತಾಪಮಾನ, ವೇಗ, ಎಂಜಿನ್ ಸುತ್ತು ಎಂಬ ಮೂರಕ್ಕೆ ತೃಪ್ತಿಪಟ್ಟರೆ ಸೆಕೆಂಡಿಗೊಮ್ಮೆಯಾದರೂ ಅಂಕಿ ಬದಲಾಗುತ್ತದೆ, ಈ ಕೆಲಸಕ್ಕೆ ಅಷ್ಟು ಸಾಕು. ಡಬ್ಬಿಯ ಮೇಲೆ ಒಳಗಿನ ಚಿಪ್ಪಿನ ಹೆಸರು ಇಎಲ್ಎಂ327 ಎಂದು ಬರೆದಿದೆ. ಆ ಚಿಪ್ ಮಾಡುತ್ತಿದ್ದ ಕೆನಡಾದ ಕಂಪನಿ 2022ರಲ್ಲಿಯೇ ಬಾಗಿಲು ಮುಚ್ಚಿದೆ, ಅಗ್ಗದ ಡಬ್ಬಿಗಳಲ್ಲಿರುವುದು ಹೆಚ್ಚಾಗಿ ಅದರ ನಕಲು. ತಾಪಮಾನ ಓದುವಷ್ಟಕ್ಕೆ ನಕಲೂ ನಡೆಯುತ್ತದೆ, ಏರ್‌ಬ್ಯಾಗ್, ಎಬಿಎಸ್ ಬ್ರೇಕ್ ಇವನ್ನೂ ಓದುತ್ತದೆ ಎಂದೆಲ್ಲ ಪೊಟ್ಟಣದ ಮೇಲಿನ ಬಡಾಯಿಯನ್ನು ನಂಬಬೇಡಿ. ಸಾಕೆಟ್ಟಿನಲ್ಲಿ ಅದು ಸಡಿಲವಾಗಿ ಕೂರುತ್ತದೆ. ಕ್ಲಚ್ ಒತ್ತುವಾಗ ಎರಡು ಬಾರಿ ಮಂಡಿ ತಾಗಿ ಸಂಪರ್ಕ ತಪ್ಪಿತು, ಗ್ರಾಫಿನಲ್ಲಿ ಆ ಕಡೆ ಖಾಲಿ ಜಾಗ ಉಳಿದಿದೆ. ದೊಡ್ಡ ದೋಷ ಬೇರೆಯೇ: ಕೀಲಿ ತೆಗೆದ ಮೇಲೂ ಸಾಕೆಟ್ಟಿನಿಂದ ಬ್ಯಾಟರಿಯ ಕರೆಂಟ್ ಬರುತ್ತಲೇ ಇರುತ್ತದೆ, ಇದಕ್ಕೆ ತಾನಾಗಿ ಮಲಗಲು ಬರುವುದಿಲ್ಲ. ಎರಡು ವಾರ ಊರಲ್ಲಿಲ್ಲದಾಗ ಅದನ್ನು ಸಿಕ್ಕಿಸಿಯೇ ಬಿಟ್ಟು ಹೋಗಿದ್ದೆ. ಮರಳಿದಾಗ, ಮೊದಲೇ ವಯಸ್ಸಾಗಿದ್ದ ಬ್ಯಾಟರಿ ಕೈ ಚೆಲ್ಲಿತ್ತು. ಆ್ಯಪಿನಲ್ಲಿ ದೋಷಸಂಕೇತ ಅಳಿಸುವ ಗುಂಡಿ ಬೆರಳಿಗೆ ಸುಲಭವಾಗಿ ತಾಗುವ ಜಾಗದಲ್ಲಿರುವುದೂ ನನಗೆ ಇಷ್ಟವಾಗಲಿಲ್ಲ. ಸಂಕೇತವನ್ನು ಬರೆದುಕೊಳ್ಳುವ ಮೊದಲೇ ಅಳಿಸಿದರೆ ಮೆಕ್ಯಾನಿಕ್‌ಗೆ ಬೇಕಾದ ಸಾಕ್ಷಿಯನ್ನು ನಾವೇ ಒರೆಸಿಹಾಕಿದಂತೆ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಉಳಿದ ಒಂದು ಅಂಕ ಬ್ಯಾಟರಿಯ ಲೆಕ್ಕಕ್ಕೆ ಹೋಯಿತು. ಸ್ವಂತ ಕೈಯಿಂದ ಒಂದು ಬೋಲ್ಟನ್ನೂ ಬಿಚ್ಚದವರಿಗೂ ಇದು ಉಪಯುಕ್ತವೇ, ಏಕೆಂದರೆ "ಮುಳ್ಳು ಏರಿಳಿಯುತ್ತಿದೆ" ಎನ್ನುವುದಕ್ಕೂ "ನಾಲ್ಕು ನಿಮಿಷದಲ್ಲಿ 107 ಮುಟ್ಟಿ ಮುಕ್ಕಾಲು ನಿಮಿಷದಲ್ಲಿ 81ಕ್ಕೆ ಬೀಳುತ್ತಿದೆ, ಏರುವ ಹೊತ್ತಿನಲ್ಲಿ ಮೇಲಿನ ಪೈಪು ತಣ್ಣಗಿರುತ್ತದೆ" ಎನ್ನುವುದಕ್ಕೂ ಗ್ಯಾರೇಜಿನಲ್ಲಿ ಸಿಗುವ ಉತ್ತರವೇ ಬೇರೆ. ಓಬಿಡಿ ಸಾಕೆಟ್ ಇಲ್ಲದ ಹಳೆಯ ಕಾರಿನವರು ಇದರ ಬದಲು ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದನ್ನೇ ಕೊಳ್ಳಲಿ. ನನ್ನ ಕಾರು ಈಗ ಓಡುವಾಗ 86ರಿಂದ 90ರ ನಡುವೆ ಇರುತ್ತದೆ. ರೀಡರ್ ಗ್ಲೋವ್ ಬಾಕ್ಸಿನಲ್ಲಿದೆ. ತಿಂಗಳಿಗೊಮ್ಮೆ, ಸಾಮಾನ್ಯವಾಗಿ ಕೂಲಂಟ್ ಮಟ್ಟ ನೋಡುವ ದಿನ, ಹತ್ತು ನಿಮಿಷದ ಮಟ್ಟಿಗೆ ಸಿಕ್ಕಿಸಿ, ಎಂಜಿನ್ ಆರಿಸಿದ ಕೂಡಲೇ ಕೀಳುತ್ತೇನೆ.